ಸಿಮೇಕ್‌ಗೆ ಹೊಸ ನಾಲಿಗೆ ಬೇಕಿತ್ತೆ?

ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಯಾವ ಕಂಪ್ಯೂಟರ್ ಭಾಷೆ ಕಲಿತರೆ ಒಳ್ಳೆಯದು? ಸಿ, ಜಾವಾ, ಪೈಥಾನ್ ಎಂದು ಹಿರಿಯರು ಹೆಸರು ಒಪ್ಪಿಸುತ್ತಾರೆ. ಆದರೆ ಮಗಳು ಮೊದಲ ದೊಡ್ಡ ಪ್ರಾಜೆಕ್ಟಿಗೆ ಕೈಹಾಕಿದಾಗ ಅವಳ ಕಣ್ಣಲ್ಲಿ ನೀರು ತರಿಸುವುದು ಅನೇಕ ವೇಳೆ ಇವ್ಯಾವುವೂ ಅಲ್ಲ, ‘ಬಿಲ್ಡ್ ಟೂಲ್’ ಎಂಬ ಸಾಧನದ ಭಾಷೆ.

ಬಿಲ್ಡ್ ಟೂಲ್ ಎಂದರೆ ಮದುವೆಮನೆಯ ಅಡುಗೆ ಉಸ್ತುವಾರಿ ಇದ್ದಂತೆ. ಬೇಳೆ ಬೇಯದೆ ಹುಳಿ ಆಗದೆಂಬುದು ಆತನಿಗೆ ಗೊತ್ತು. ಪಾಯಸ ತಳ ಹಿಡಿದರೆ ಪಾಯಸವನ್ನಷ್ಟೇ ಮತ್ತೆ ಮಾಡಿಸುತ್ತಾನೆ, ಹುಳಿಯ ತಂಟೆಗೆ ಹೋಗುವುದಿಲ್ಲ. ಸಾವಿರಾರು ಕಡತಗಳಲ್ಲಿ ಒಂದನ್ನು ತಿದ್ದಿದರೆ ಯಾವುವನ್ನು, ಯಾವ ಕ್ರಮದಲ್ಲಿ ಮತ್ತೆ ಕಂಪೈಲ್ ಮಾಡಬೇಕೆಂಬ ಲೆಕ್ಕ ಇದರದು. ಇಂಥ ಉಸ್ತುವಾರಿಗೆ ಪಟ್ಟಿ ಬರೆದುಕೊಡುವ ಸಾಧನವೇ ಸಿಮೇಕ್. 2000ದಲ್ಲಿ ಅಮೆರಿಕದ ಕಿಟ್‌ವೇರ್ ಕಂಪನಿಯವರು ವೈದ್ಯಕೀಯ ಚಿತ್ರಗಳನ್ನು ಸಂಸ್ಕರಿಸುವ ಐಟಿಕೆ ಎಂಬ ಸಾಫ್ಟ್‌ವೇರಿಗಾಗಿ ಇದನ್ನು ಕಟ್ಟತೊಡಗಿದರು.

ಅದಕ್ಕೆ ಅವರೇ ಹೊಸೆದ ಭಾಷೆಯೋ, ದೇವರೇ ಗತಿ! ಎರಡು ಸಂಖ್ಯೆ ಕೂಡಿಸಲು ಪ್ರತ್ಯೇಕ ಆಜ್ಞೆ ಬೇಕು. ಫಂಕ್ಷನ್ ತನ್ನ ಉತ್ತರವನ್ನು ನೇರವಾಗಿ ಹಿಂದಿರುಗಿಸುವುದಿಲ್ಲ. ಪಟ್ಟಿಯೆಂದರೆ ಅರ್ಧವಿರಾಮ ಚಿಹ್ನೆಗಳಿಂದ ಪೋಣಿಸಿದ ಅಕ್ಷರಮಾಲೆ, ಅಷ್ಟೇ. ಇದನ್ನು ಎಸೆದು ಪೈಥಾನ್ ತನ್ನಿ ಎಂದು ಬಳಕೆದಾರರು ಗೊಣಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಸಿ ಪ್ಲಸ್ ಪ್ಲಸ್ ಕಂಪೈಲರ್ ಒಂದಿದ್ದರೆ ಸಾಕು, ಬೇರೇನೂ ಬೇಡ ಎಂಬುದು ಸಿಮೇಕ್ ಕಟ್ಟಿದವರ ಹಟ. ಪೈಥಾನ್ ಬಂದರೆ ಪ್ರತಿ ಯಂತ್ರದಲ್ಲೂ ಮೊದಲು ಪೈಥಾನ್ ಕೂರಿಸಬೇಕಲ್ಲ!

1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಲುವಾ ಎಂಬ ಪುಟ್ಟ ಭಾಷೆಗೆ ಈ ಆಕ್ಷೇಪ ತಾಗದು. ಅದನ್ನು ಸಿಮೇಕ್‌ನ ಹೊಟ್ಟೆಯೊಳಗೇ ಇಡಬಹುದು. 2008ರ ಸುಮಾರಿಗೆ ಹಾಗೆ ಪ್ರಯೋಗವೂ ನಡೆಯಿತು, ಆದರೆ ಮುಖ್ಯ ಆವೃತ್ತಿಗೆ ಸೇರಲಿಲ್ಲ. ಸೇರದಿದ್ದದ್ದೇ ಸರಿ ಎಂದು ನನ್ನ ಎಣಿಕೆ. ಅಷ್ಟರಲ್ಲಿ ಕೆಡಿಇಯಂಥ ಭಾರಿ ಯೋಜನೆ ಸಿಮೇಕ್‌ಗೆ ಬಂದಾಗಿತ್ತು. ಅದೂ ಹೇಗೆ? ಪೈಥಾನ್‌ನಲ್ಲೇ ಬರೆಯುವ ಎಸ್‌ಕಾನ್ಸ್ ಎಂಬ ಸಾಧನವನ್ನು ಪ್ರಯತ್ನಿಸಿ, ಕೈಬಿಟ್ಟು, 2006ರಲ್ಲಿ! ಚೆಂದದ ಭಾಷೆ ಇದ್ದಮಾತ್ರಕ್ಕೆ ಉಸ್ತುವಾರಿ ಗೆಲ್ಲುವುದಿಲ್ಲ ನೋಡಿ. ಲುವಾ ಬಂದಿದ್ದರೆ ಹಳೆಯ ಕಡತಗಳು ಮಾಯವಾಗುತ್ತಿರಲಿಲ್ಲ. ಕಲಿಯುವವರು ಎರಡೂ ಭಾಷೆ ಕಲಿಯಬೇಕಾಗುತ್ತಿತ್ತು.

ಬದಲಾಯಿಸಿದವರೂ ಇದ್ದಾರೆನ್ನಿ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಕಟ್ಟುವ ಗ್ರೇಡಲ್‌ನ ಭಾಷೆ ಗ್ರೂವಿ ಆಗಿತ್ತು. ಕಾಟ್ಲಿನ್ ಭಾಷೆಯನ್ನೂ ತರುತ್ತೇವೆಂದು 2016ರಲ್ಲಿ ಸಾರಿದರು. ಅದು ಪಕ್ಕಾ ಆದದ್ದು 2018ರಲ್ಲಿ. ಹೊಸ ಪ್ರಾಜೆಕ್ಟ್‌ಗಳಿಗೆ ಮೊದಲ ಆಯ್ಕೆಯಾದದ್ದು 2023ರಲ್ಲಿ. ಏಳು ವರ್ಷ! ತಪ್ಪು ಮಾಡಿದ ಸಾಲನ್ನು ಬರೆಯುವಾಗಲೇ ಎಡಿಟರ್ ತೋರಿಸಿಕೊಡುವುದು ಕಾಟ್ಲಿನ್‌ನಿಂದಾದ ದೊಡ್ಡ ಲಾಭ, ಅದನ್ನು ಅಲ್ಲಗಳೆಯಲಾಗದು. ಆದರೆ ಗ್ರೂವಿ ಹೋಗಿಲ್ಲ, ಪಕ್ಕದಲ್ಲೇ ಕೂತಿದೆ.

ವಿದ್ಯಾರ್ಥಿಗಳ ಗೋಳು ಶುರುವಾಗುವುದು ಇಲ್ಲಿಯೇ. ಹಳೆಯ ಪುಸ್ತಕದಿಂದಲೋ ಸೀನಿಯರ್‌ನ ಪ್ರಾಜೆಕ್ಟಿನಿಂದಲೋ ನಾಲ್ಕು ಸಾಲು ನಕಲು ಮಾಡಿ ಅಂಟಿಸುತ್ತಾರೆ, ಕೆಂಪು ಅಕ್ಷರಗಳ ಮಳೆ ಸುರಿಯುತ್ತದೆ. ರಾತ್ರಿ ಹನ್ನೊಂದಾದರೂ ಮಗ ಕಂಪ್ಯೂಟರ್ ಬಿಟ್ಟೇಳದಿದ್ದರೆ ತಂದೆತಾಯಿಯರು ಆಟವೆಂದು ಗದರುವ ಮುನ್ನ ಒಮ್ಮೆ ಪರದೆಯತ್ತ ಇಣುಕಬಹುದು. ಬಿಲ್ಡ್ ಕಡತದ ಹೆಸರು ‘ಕೆಟಿಎಸ್’ ಎಂದು ಮುಗಿದರೆ ಅದು ಕಾಟ್ಲಿನ್, ‘ಗ್ರೇಡಲ್’ ಎಂದಷ್ಟೇ ಮುಗಿದರೆ ಗ್ರೂವಿ. ಗ್ರೂವಿಯಲ್ಲಿ ಪದಗಳನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡಬಹುದು. ಕಾಟ್ಲಿನ್‌ಗೆ ಜೋಡಿ ಚಿಹ್ನೆಯೇ ಆಗಬೇಕು. ಕೆಂಪು ಸಾಲುಗಳನ್ನು ಕಂಡಾಗ ಮೊದಲು ಅಲ್ಲಿ ಹುಡುಕಿ.