ವೈದ್ಯ-ದಾದಿಯರ ಪಾಠ ಅರ್ಧಕ್ಕೆ ನಿಲ್ಲುವುದೇಕೆ?

ವಿದ್ಯೆಗೆ ಕೊನೆಯಿಲ್ಲವೆಂದು ನಾವು ಭಾಷಣ ಸ್ಪರ್ಧೆಗಳಲ್ಲಿ ಆಗಾಗ ಹೇಳುತ್ತೇವೆ. ಆದರೆ ಪದವಿ ಕೈಸೇರಿದ ದಿನವೇ ಪುಸ್ತಕಗಳನ್ನು ಅಟ್ಟಕ್ಕೇರಿಸುವವರು ನಮ್ಮಲ್ಲಿ ಕಡಮೆಯೇನಲ್ಲ. ಇತಿಹಾಸದ ಪದವೀಧರನು ಹಾಗೆ ಮಾಡಿದರೆ ನಷ್ಟ ಬಹುಮಟ್ಟಿಗೆ ಅವನದೇ. ವೈದ್ಯನೋ ದಾದಿಯೋ ಹಾಗೆ ಮಾಡಿದರೆ ಅದರ ಫಲವನ್ನು ರೋಗಿಯು ಅನುಭವಿಸಬೇಕಾಗುತ್ತದೆ. ಒಂದು ನಿದರ್ಶನ ಸಾಕು. ಹೆರಿಗೆಯ ತರುವಾಯ ಅತಿಯಾಗಿ ರಕ್ತಸ್ರಾವವಾಗುವ ಬಾಣಂತಿಗೆ, ಹೆರಿಗೆಯಾದ 3 ಗಂಟೆಗಳೊಳಗೆ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು ರಕ್ತನಾಳದ ಮೂಲಕ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಸೂಚಿಸಿತು. 2010ರಲ್ಲಿ ಶುಶ್ರೂಷಾ ಶಾಲೆಯನ್ನು ಬಿಟ್ಟು ಬಂದವಳು ಈ ಸೂಚನೆಯನ್ನು ಅಲ್ಲಿ ಕಲಿತಿರಲು ಸಾಧ್ಯವಿಲ್ಲ. ಅವಳು ಅದನ್ನು ಕೆಲಸಕ್ಕೆ ಸೇರಿದ ಮೇಲೆಯೇ ಕಲಿಯಬೇಕು.

ಆದುದರಿಂದಲೇ ವೈದ್ಯರು ಪ್ರತಿ 5 ವರ್ಷಗಳಲ್ಲಿ ಕಡೆಯಪಕ್ಷ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ಪಡೆಯತಕ್ಕದ್ದೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ವಿಧಿಸಿತು. ಕೆಲಸ ಬಿಟ್ಟು ದೂರದ ಪಟ್ಟಣಕ್ಕೆ ಹೋಗಿ ಕಲಿಯುವ ತೊಂದರೆಯನ್ನು ಅಂತರಜಾಲದ ಪಾಠಗಳು ತಪ್ಪಿಸುವುವೆಂದು ಎಲ್ಲರೂ ಹಿಗ್ಗಿದರು. ಕೋವಿಡ್ ಹಬ್ಬಿದಾಗ, 2020ರ ಏಪ್ರಿಲಿನಲ್ಲಿ, ಕೇಂದ್ರ ಸರ್ಕಾರವು ವೈದ್ಯರಿಗೆ, ದಾದಿಯರಿಗೆ, ಆಶಾ ಕಾರ್ಯಕರ್ತೆಯರಿಗೆ 'ದೀಕ್ಷಾ' ವೇದಿಕೆಯ ಮೇಲೆ ಪಾಠಗಳನ್ನು ತೆರೆಯಿತು. ಶಾಲೆಯೇ ಅಂಗೈಗೆ ಬಂದಂತಾಯಿತು.

ಆದರೆ ಕೈಗೆ ಬಂದ ತುತ್ತು ಎಷ್ಟೋ ಜನರ ಬಾಯಿಗೆ ಬರಲಿಲ್ಲ. ಅಂತರಜಾಲದ ಪಾಠಕ್ಕೆ ಹೆಸರು ಕೊಡುವವರು ಬಹಳ, ಮುಗಿಸುವವರು ವಿರಳ. ಅಮೆರಿಕದ ಹಾರ್ವರ್ಡ್ ಮತ್ತು ಎಂ.ಐ.ಟಿ. ಸಂಸ್ಥೆಗಳ ಇಂಥ ಪಾಠಗಳ ಲೆಕ್ಕವೊಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2017-18ರಲ್ಲಿ ಹೆಸರು ನೋಂದಾಯಿಸಿದವರ ಪೈಕಿ ಪಾಠವನ್ನು ಪೂರೈಸಿದವರು ನೂರಕ್ಕೆ ಸುಮಾರು 3 ಮಂದಿ! ಇದು ಎಲ್ಲ ಬಗೆಯ ವಿದ್ಯಾರ್ಥಿಗಳ ಲೆಕ್ಕವೇ ಹೊರತು ಆಸ್ಪತ್ರೆಯವರದು ಮಾತ್ರವಲ್ಲ. ಆದರೂ ಬಿಡುವುಳ್ಳವರ ಪಾಡೇ ಹೀಗಿದ್ದರೆ ಬಿಡುವಿಲ್ಲದವರ ಪಾಡೇನು?

'ಸೋಮಾರಿಗಳು, ಕಲಿಯುವ ಮನಸ್ಸಿಲ್ಲ' ಎಂದು ತೀರ್ಪು ಕೊಡುವುದು ಸುಲಭ. ನಾನು ಆ ತೀರ್ಪನ್ನು ಒಪ್ಪಲಾರೆ. ನನ್ನ ಅಕ್ಕ ಶುಶ್ರೂಷಕಿ. ರಾತ್ರಿಯ ಪಾಳಿ ಮುಗಿಸಿ ಬರುವ ಅವಳಿಗೆ ಮನೆಯಲ್ಲಿ ಒಲೆ, ಮಗು, ಬಟ್ಟೆ ಕಾದಿರುತ್ತವೆ. ಇವುಗಳ ನಡುವೆ ಅವಳು ಮೊಬೈಲಿನಲ್ಲಿ ಪಾಠ ತೆರೆಯಬೇಕು. 'ನಿಮಗೆ ಬಿಡುವಾದಾಗ ಕಲಿಯಿರಿ' ಎಂಬ ಮಾತು ಕೇಳಲು ಇಂಪಾಗಿದೆ. ಬಿಡುವೇ ಇಲ್ಲದವಳಿಗೆ ಅದರ ಅರ್ಥ 'ನಿದ್ರೆಗೆಟ್ಟು ಕಲಿಯಿರಿ' ಎಂದು. ಚುಚ್ಚುಮದ್ದು ಕೊಡುವುದು ಕೆಲಸವಾದರೆ, ಚುಚ್ಚುಮದ್ದಿನ ಹೊಸ ವಿಧಾನವನ್ನು ಕಲಿಯುವುದೂ ಕೆಲಸವೇ ಅಲ್ಲವೇ? ಮೊದಲನೆಯದು ಹಾಜರಿ ಪುಸ್ತಕದಲ್ಲಿ ಸೇರುತ್ತದೆ, ಎರಡನೆಯದು ಮನೆಯ ಲೆಕ್ಕಕ್ಕೆ ಹೋಗುತ್ತದೆ. ಪಾಠ ಅರ್ಧಕ್ಕೆ ನಿಲ್ಲಲು ಮೊದಲ ಕಾರಣ ಇದೇ.

ಎರಡನೆಯ ಕಾರಣವೆಂದರೆ ಪಾಠದ ಸ್ವರೂಪ. ಅನೇಕ ಪಾಠಗಳು ಇಂಗ್ಲಿಷಿನಲ್ಲಿವೆ. ದೊಡ್ಡ ಆಸ್ಪತ್ರೆಯ ಸಲಕರಣೆಗಳನ್ನು ಕಣ್ಣೆದುರಿಗಿಟ್ಟುಕೊಂಡು ರಚಿತವಾದವು. ಕೇಳುವವಳ ವಾರ್ಡಿನಲ್ಲಿ ಆ ಯಂತ್ರವೇ ಇಲ್ಲ. ಸಂದೇಹ ಬಂದರೆ ಕೇಳೋಣವೆಂದರೆ ಪರದೆಯ ಮೇಲಿನ ಗುರು ಮುಂಚೆಯೇ ಮಾತಾಡಿ ಮುಗಿಸಿದ್ದಾನೆ. ನಮಗಾದರೋ ತರಗತಿಯಲ್ಲಿ ಪಕ್ಕದ ಗೆಳೆಯನಿದ್ದಾನೆ, ಪಾಠದ ನಂತರ ಕೈಗೆ ಸಿಗುವ ಅಧ್ಯಾಪಕರಿದ್ದಾರೆ. ಅವಳಿಗೆ ಯಾರಿದ್ದಾರೆ?

'ಮನಸ್ಸಿದ್ದವನು ಹೇಗಾದರೂ ಮುಗಿಸುತ್ತಾನೆ, ಕಡ್ಡಾಯ ಮಾಡಿದರೆ ಸರಿ' ಎನ್ನುವವರಿದ್ದಾರೆ. ಈ ವಾದದಲ್ಲಿ ಹುರುಳಿಲ್ಲವೆನ್ನಲಾಗದು. ಮೇಲೆ ಹೇಳಿದ ಲೆಕ್ಕದಲ್ಲಿಯೇ, ಹಣ ತೆತ್ತು ಪ್ರಮಾಣಪತ್ರಕ್ಕಾಗಿ ಓದಿದವರಲ್ಲಿ ನೂರಕ್ಕೆ 46 ಮಂದಿ ಪಾಠವನ್ನು ಪೂರೈಸಿದರು. ಆದರೆ ಬರಿಯ ಕಡ್ಡಾಯದಿಂದ ಪಾಠ ಮುಗಿಯಬಹುದು, ಕಲಿಕೆಯಾಗದು. ವಿಡಿಯೋವನ್ನು ಓಡಲು ಬಿಟ್ಟು ಅಡಿಗೆ ಮಾಡಿದರೂ ಸರ್ಟಿಫಿಕೇಟು ಬರುತ್ತದೆ. ಹಾಗಾದರೆ ಮಂತ್ರಕ್ಕಿಂತ ಉಗುಳೇ ಹೆಚ್ಚಾಯಿತು!

ಹಾಗೆಂದು ದೂರದ ಬೋಧನೆಯೇ ನಿಷ್ಪ್ರಯೋಜಕವೆಂದು ನನ್ನ ಅಭಿಪ್ರಾಯವಲ್ಲ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಭಾರತೀಯ ಮೂಲದ ಡಾ. ಸಂಜೀವ್ ಅರೋರಾ ಅವರು 2003ರಲ್ಲಿ 'ಎಕೋ' ಎಂಬ ಯೋಜನೆಯನ್ನು ಆರಂಭಿಸಿದರು. ಹಳ್ಳಿಗಾಡಿನ ವೈದ್ಯರು ಗೊತ್ತಾದ ಹೊತ್ತಿಗೆ ಪರದೆಯೆದುರು ಸೇರುತ್ತಿದ್ದರು. ತಮ್ಮ ಸ್ವಂತ ರೋಗಿಗಳ ವಿಷಯವನ್ನು ಮುಂದಿಟ್ಟು ತಜ್ಞರೊಡನೆ ಚರ್ಚಿಸುತ್ತಿದ್ದರು. ಹೀಗೆ ಕಲಿತವರು ಹೆಪಟೈಟಿಸ್ ಸಿ ರೋಗಕ್ಕೆ ಕೊಟ್ಟ ಚಿಕಿತ್ಸೆಯು ವಿಶ್ವವಿದ್ಯಾನಿಲಯದ ಆಸ್ಪತ್ರೆಯ ಚಿಕಿತ್ಸೆಗೆ ಸರಿಸಮವಾಗಿತ್ತೆಂದು 2011ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಮಾನಸಿಕ ಆರೋಗ್ಯದ ಬೋಧನೆಗೆ ಈ ಕ್ರಮವನ್ನು ಬಳಸಿದೆ. ಅಲ್ಲಿಯೂ ಇರುವುದು ಅದೇ ಪರದೆ, ಅದೇ ಅಂತರಜಾಲ. ಆದರೆ ಅಲ್ಲಿ ಗೊತ್ತಾದ ವೇಳೆಯಿದೆ, ಸಹಪಾಠಿಗಳಿದ್ದಾರೆ, ನಾಳೆ ಬೆಳಿಗ್ಗೆ ಮತ್ತೆ ಕಾಣಬೇಕಾದ ರೋಗಿಯ ಮುಖವಿದೆ.

ಆದುದರಿಂದ ನನ್ನ ಸಲಹೆ ಇಷ್ಟೇ. ವಾರಕ್ಕೆ ಒಂದು ಗಂಟೆಯಾದರೂ ಕಲಿಕೆಯ ವೇಳೆಯನ್ನು ಕೆಲಸದ ಪಾಳಿಯೊಳಗೇ ಸೇರಿಸಬೇಕು. ಆ ಗಂಟೆಯಲ್ಲಿ ವಾರ್ಡಿಗೆ ಬದಲಿಯವರನ್ನು ಒದಗಿಸಬೇಕು. ಪಾಠವು ಕನ್ನಡದಲ್ಲಿಯೂ ಇರಬೇಕು. ನಾಲ್ಕಾರು ಜನ ಒಟ್ಟಿಗೆ ಕೂತು ಕಲಿಯುವಂತಿರಬೇಕು. ಇದಕ್ಕೆ ವೆಚ್ಚವಾಗುವುದು ನಿಜ. ಆದರೆ ಆ ವೆಚ್ಚವನ್ನು ಈಗ ದಾದಿಯ ನಿದ್ರೆಯಿಂದಲೂ ರೋಗಿಯ ಆಯುಸ್ಸಿನಿಂದಲೂ ವಸೂಲು ಮಾಡುತ್ತಿದ್ದೇವಷ್ಟೆ.

ಕಲಾ ಕಾಲೇಜಿನವರಾದ ನಮಗೇಕೆ ಈ ಚಿಂತೆ ಎಂದು ಮಿತ್ರರು ಕೇಳಬಹುದು. ನಮ್ಮಲ್ಲಿ ಹಲವರು ನಾಳೆ ಕಚೇರಿಗಳನ್ನು ಸೇರುವವರು. ಯಾವುದೋ ಆಸ್ಪತ್ರೆಯ ಪಾಳಿಪಟ್ಟಿಗೆ ರುಜು ಹಾಕುವ ಲೇಖನಿ ನಮ್ಮಲ್ಲೊಬ್ಬರ ಕೈಗೆ ಬಂದೀತು. ಆ ದಿನ ಪಟ್ಟಿಯಲ್ಲಿ ಕಲಿಕೆಗೂ ಒಂದು ಗಂಟೆಯನ್ನು ಬರೆಯಲು ಅವರು ಮರೆಯದಿರಲಿ.