ಬಾವಿಯ ಲೆಕ್ಕ ಯಾರ ಕೈಯಲ್ಲಿರಬೇಕು?

ಪಣಂಬೂರಿನ ಬಂದರಿನಲ್ಲಿ ಇಳಿಯುವ ಕಚ್ಚಾ ಎಣ್ಣೆಯನ್ನು ಅಳೆಯದೆ ಯಾರೂ ಸ್ವೀಕರಿಸುವುದಿಲ್ಲ. ವರ್ಷಕ್ಕೆ 15 ದಶಲಕ್ಷ ಟನ್ ಎಣ್ಣೆಯನ್ನು ಶುದ್ಧೀಕರಿಸಬಲ್ಲ ಎಂ.ಆರ್.ಪಿ.ಎಲ್. ಕಾರಖಾನೆಯ ಮಗ್ಗುಲಲ್ಲೇ ವಾಸಿಸುವ ನಾವು, ಎಣ್ಣೆಯೆಂದರೆ ಹನಿಹನಿಗೂ ಲೆಕ್ಕವಿರುವ ಪದಾರ್ಥವೆಂದೇ ನಂಬಿದ್ದೇವೆ. ಆದರೆ ಅದು ಹೊರಡುವ ಬಾವಿಗಳಲ್ಲಿ ಸಂಗತಿ ಬೇರೆ. ಪಂಪಿನಿಂದ ಎತ್ತುವ ಹಲವು ಬಾವಿಗಳ ಎಣ್ಣೆ ಸಾಮಾನ್ಯವಾಗಿ ಒಂದೇ ಕೊಳವೆಗೆ ಕೂಡುತ್ತದೆ. ಒಂದೊಂದು ಬಾವಿಯನ್ನು ಬೇರೆಯಾಗಿ ಅಳೆಯುವ ಸರದಿ ಎಷ್ಟೋ ದಿನಗಳಿಗೊಮ್ಮೆ ಬರುತ್ತದೆ. ನಡುವಿನ ದಿನಗಳಲ್ಲಿ ಅಂದಾಜೇ ಗತಿ. ಪಂಪಿನ ದಂಡದ ಮೇಲೆ ಬೀಳುವ ಭಾರ, ಮೋಟಾರು ಎಳೆಯುವ ವಿದ್ಯುತ್ತು, ಬಾವಿಯ ಬಾಯಿಯ ಒತ್ತಡ ಇವನ್ನು ಹಿಂದಿನ ಅಳತೆಗಳೊಡನೆ ಗಣಕಯಂತ್ರಕ್ಕೆ ಒದಗಿಸಿದರೆ, ಅದು ಇವುಗಳ ಸಂಬಂಧವನ್ನು ತಾನೇ ಕಲಿತು ಹರಿವನ್ನು ಊಹಿಸಿ ಹೇಳುತ್ತದೆ. ಇದನ್ನೇ ಯಂತ್ರಕಲಿಕೆ ಎನ್ನುವುದು.

ಬಿ.ಎ. ಓದುವವನಿಗೆ ಈ ಗೊಡವೆ ಏಕೆಂದು ವಿಜ್ಞಾನದ ಮಿತ್ರರು ಕೇಳಿಯಾರು. ನಮ್ಮ ಅಡಿಕೆ ತೋಟದಲ್ಲಿ ಒಂದು ಕೊಳವೆಬಾವಿಯಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟ ನನ್ನ ತಂದೆಯವರು ಸ್ಟಾರ್ಟರ್ ಪೆಟ್ಟಿಗೆಯ ಮುಳ್ಳು ಇಳಿದದ್ದನ್ನೂ ಪೈಪಿನಲ್ಲಿ ನೀರು ಗಾಳಿಯೊಡನೆ ಕೆಮ್ಮುವುದನ್ನೂ ಕಂಡೊಡನೆ ಪಂಪು ನಿಲ್ಲಿಸುತ್ತಾರೆ. ಆ ಯಂತ್ರ ಮಾಡುವುದೂ ಇದನ್ನೇ ಅಲ್ಲವೆ? ಹಾಗಾದರೆ ಅದು ನಮ್ಮ ಬಾವಿಗಳಿಗೂ ಬರಲಿ ಎನ್ನುವವನು ನಾನು. ಆದರೆ ಬರುವ ದಾರಿಯ ಬಗ್ಗೆ ನನಗೆ ಶಂಕೆಯಿದೆ.

ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ. ಮೀಟರಿಲ್ಲದ ಪಂಪುಗಳು ಎಷ್ಟೋ ಇವೆ. ಅವುಗಳ ಖರ್ಚನ್ನು ಅಂದಾಜಿನಿಂದಲೇ ಬರೆಯುತ್ತಾರೆ. ತಂತಿಯಲ್ಲಿ ಸೋರಿದ್ದನ್ನೂ ರೈತನ ತಲೆಗೆ ಕಟ್ಟುತ್ತಾರೆಂಬ ಆಕ್ಷೇಪ ದೇಶದಲ್ಲಿ ಹಳೆಯದು. ಇದೇ ವಿದ್ಯುತ್ತಿನ ಅಂದಾಜಿನಿಂದ ನೀರಿನ ಲೆಕ್ಕ ತೆಗೆದರೆ ಅನ್ಯಾಯ ಇಮ್ಮಡಿಯಾದೀತು. ಪಂಪಿನ ದಕ್ಷತೆ ನೂರಕ್ಕೆ 40 ಎಂದಿಟ್ಟುಕೊಳ್ಳೋಣ. ಒಂದು ಯೂನಿಟ್ ವಿದ್ಯುತ್ತು 300 ಅಡಿ ಆಳದಿಂದ ಸುಮಾರು 1,600 ಲೀಟರ್ ನೀರೆತ್ತುತ್ತದೆ; 600 ಅಡಿಯಿಂದ 800 ಲೀಟರ್ ಮಾತ್ರ. ಬಾವಿ ಬತ್ತಿದಂತೆಲ್ಲ ಅಷ್ಟೇ ನೀರಿಗೆ ವಿದ್ಯುತ್ತು ಹೆಚ್ಚು. ಯೂನಿಟ್ಟುಗಳನ್ನಷ್ಟೇ ಎಣಿಸುವ ಕಚೇರಿಗೆ, ನೀರಿಲ್ಲದೆ ಒದ್ದಾಡುವವನೇ ನೀರು ದೋಚುವವನಂತೆ ಕಂಡಾನು!

ಆದಕಾರಣ ಅಂದಾಜು ಮಾಡುವವರು ಬೇಸಗೆಯಲ್ಲೊಮ್ಮೆ, ಮಳೆ ನಿಂತ ಮೇಲೊಮ್ಮೆ ಡ್ರಮ್ಮು, ಗಡಿಯಾರ ಹಿಡಿದು ತೋಟಕ್ಕೆ ಬರಬೇಕು, ಬಾವಿಯಲ್ಲಿ ನೀರಿನ ಮಟ್ಟ ನೋಡಬೇಕು. ಎಣ್ಣೆಯ ಬಾವಿಗೆ ದೊರೆಯುವ ಈ ಪರೀಕ್ಷೆ ನಮ್ಮ ಬಾವಿಗೇಕೆ ಬೇಡ? ಮೀಟರಿನ ಬೆನ್ನಿಗೇ ಬಿಲ್ಲು ಬರುತ್ತದೆಂದು ಹಳ್ಳಿಯವರು ಅಂಜುತ್ತಾರೆ. ಆ ಅಂಜಿಕೆ ನಿರಾಧಾರವೆಂದು ನಾನು ಹೇಳಲಾರೆ. ಯಂತ್ರ ಕಂಡುಕೊಂಡ ಲೆಕ್ಕ ಮೊದಲು ಸ್ಟಾರ್ಟರ್ ಪೆಟ್ಟಿಗೆಯ ಮೇಲೆಯೇ ಕಾಣಲಿ: ಇಂದು ಇಷ್ಟು ಲೀಟರ್, ಕಳೆದ ವಾರಕ್ಕಿಂತ ಇಷ್ಟು ಕಡಿಮೆ, ತಪ್ಪಬಹುದಾದದ್ದು ಇಷ್ಟು ಎಂದು, ಕನ್ನಡದಲ್ಲಿ. ಕಚೇರಿಗೆ ಕಳುಹಿಸುವ ಮಾತನ್ನು ಆಮೇಲೆ ಆಡೋಣ.