ಮನೆಯಿಂದ ನೌಕರಿ ಅಕ್ಕಡಿ ಬೆಳೆಯಾಗಿರಲಿ

ಬೈಲಹೊಂಗಲ, ಸವದತ್ತಿ, ರಾಮದುರ್ಗ ಪಟ್ಟಣಗಳಿಗೆ ಇನ್ನೂ ರೈಲು ಬಂದಿಲ್ಲ. ಕಿತ್ತೂರಿಗೆ ಹೆದ್ದಾರಿಯೇ ಗತಿ. ಆದರೆ ಇಂಟರ್‌ನೆಟ್ ಬಂದಿದೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಬೆಂಗಳೂರು, ಪುಣೆಯಿಂದ ನಮ್ಮ ಹುಡುಗರು ಲ್ಯಾಪ್‌ಟಾಪ್ ಸಮೇತ ಊರಿಗೆ ಬಂದರು. "ಮನ್ಯಾಗ ಕುಂತು ಪಗಾರ ಎಣಿಸ್ತಾನ" ಅನ್ನೋ ಮಾತು ಕಟ್ಟೆಗಳ ಮೇಲೆ ಕೇಳಿಬಂತು. ಈಗ ಡಿಗ್ರಿ ಮುಗಿಸಿದ ರೈತರ ಮಕ್ಕಳಲ್ಲಿ ಅನೇಕರು ಅಂಥದ್ದೇ ಕೆಲಸ ಹುಡುಕುತ್ತಿದ್ದಾರೆ. ರೈತನಿಗೆ ಹೆಣ್ಣು ಕೊಡಲು ಹಿಂದೇಟು ಹಾಕೋ ಕಾಲದಲ್ಲಿ ಇದು ಸಹಜ.

ಹುಡುಕಿರಿ, ತಪ್ಪಿಲ್ಲ. ಆದರೆ ನನ್ನ ಮಾತು ಇಷ್ಟೇ: ಈ ನೌಕರಿಯನ್ನು ಜೋಳದ ಹೊಲದಲ್ಲಿ ತೊಗರಿ ಅಕ್ಕಡಿ ಹಾಕಿದಂತೆ ಇಟ್ಟುಕೊಳ್ಳಿ. ಅದನ್ನೇ ನಂಬಿ ಎತ್ತು ಮಾರಿ, ಹೊಲವನ್ನು ವರ್ಷಗಟ್ಟಲೆ ಲಾವಣಿಗೆ ಹಾಕಬೇಡಿ.

ಯಾಕೆ? ಕಂಪನಿಗಳ ಮಾತು ಮಳೆಯಷ್ಟೇ ಚಂಚಲ. 2025ರ ಹೊತ್ತಿಗೆ ಒಂದು ಸಲಕ್ಕೆ ಶೇ. 25ರಷ್ಟು ನೌಕರರು ಆಫೀಸಿನಲ್ಲಿದ್ದರೆ ಸಾಕು ಅಂತ ಟಿಸಿಎಸ್ 2020ರಲ್ಲಿ ಹೇಳಿತ್ತು. ಅದೇ ಕಂಪನಿ 2023ರ ಅಕ್ಟೋಬರ್‌ನಿಂದ ವಾರಕ್ಕೆ ಐದೂ ದಿನ ಆಫೀಸಿಗೆ ಬನ್ನಿ ಎಂದಿತು. ಇನ್ಫೋಸಿಸ್ ಕೂಡ ಆ ವರ್ಷದ ನವೆಂಬರ್‌ನಿಂದ ಬಹಳಷ್ಟು ನೌಕರರಿಗೆ ತಿಂಗಳಿಗೆ 10 ದಿನದ ಹಾಜರಿ ಕಡ್ಡಾಯ ಮಾಡಿತು. ಒಂದು ಮೇಲ್ ಬಂದ್ರ ಸಾಕು, ಗಂಟು ಕಟ್ಟಬೇಕು. ಆಗ ಹೊಲ ಯಾರ ಕೈಯಲ್ಲಿರುತ್ತದೆ?

ಇನ್ನೊಂದು ವಿಷಯ, ಹದ. ನಮ್ಮ ಎರೆ ಹೊಲದಲ್ಲಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಒಂದು ಕಡೆ ಸೋಯಾ ರಾಶಿ, ಇನ್ನೊಂದು ಕಡೆ ಹಿಂಗಾರಿ ಜೋಳ, ಕಡಲೆ ಬಿತ್ತನೆ. ಮೀಟಿಂಗ್ ಮುಗಿಯೋತನಕ ಹದ ಕಾಯೋದಿಲ್ಲ. ಅದಕ್ಕೆ ವರ್ಷದ ರಜೆಯನ್ನು ಮದುವೆ, ಜಾತ್ರೆಗೆ ಮುಗಿಸದೆ ಈ ಆರು ವಾರಕ್ಕೆ ಉಳಿಸಿಕೊಳ್ಳಿ. ಕೆಲಸ ಆರಿಸುವಾಗ ವೇಳೆಯನ್ನೂ ನೋಡಿ. ಇಂಗ್ಲೆಂಡಿನಲ್ಲಿ ಬೆಳಿಗ್ಗೆ 9 ಅಂದರೆ ನಮಗೆ ಬೇಸಿಗೆಯಲ್ಲಿ ಮಧ್ಯಾಹ್ನ 1.30, ಚಳಿಗಾಲದಲ್ಲಿ 2.30. ಅಲ್ಲಿಯ ಗ್ರಾಹಕರ ಕೆಲಸ ಸಿಕ್ಕರೆ ಮುಂಜಾನೆಯ ತಂಪು ಹೊತ್ತು ಹೊಲಕ್ಕೆ ಸಿಗುತ್ತದೆ. ಅಮೆರಿಕದ ಪಾಳಿಯಾದರೆ ರಾತ್ರಿ ನಿದ್ದೆಯೇ ಹೋಗುತ್ತದೆ. ನಿದ್ದೆಗೆಟ್ಟವನ ಕೈಗೆ ಟ್ರ್ಯಾಕ್ಟರ್ ಕೊಡುವುದು ಒಳ್ಳೆಯದಲ್ಲ.

ಮನೆಯೊಳಗಿನ ಲೆಕ್ಕ ಇದಕ್ಕಿಂತ ಸೂಕ್ಷ್ಮ. ತಮ್ಮ ಪಗಾರ ತರುತ್ತಾನೆ, ಅಣ್ಣ ಎಡೆ ಹೊಡೆಯುತ್ತಾನೆ. ಸುಗ್ಗಿ ಬಂದಾಗ ಇಬ್ಬರಿಗೂ ಸಮಪಾಲು. ಮೊದಲ ವರ್ಷ ಯಾರೂ ಮಾತಾಡುವುದಿಲ್ಲ, ಮೂರನೇ ವರ್ಷ ಮನೆ ಒಡೆಯುತ್ತದೆ. ಬಿತ್ತುವ ಮೊದಲೇ ಕುಳಿತು ಮಾತಾಡಿ: ಬೀಜ-ಗೊಬ್ಬರಕ್ಕೆ ಪಗಾರದಿಂದ ಎಷ್ಟು, ಹೊಲದಲ್ಲಿ ದುಡಿದವನ ಕೂಲಿ ಎಷ್ಟು, ಉಳಿದದ್ದು ಹೇಗೆ ಹಂಚಿಕೆ. ಒಂದು ವಹಿಯಲ್ಲಿ ಬರೆದಿಡಿ.

ನಿಜ ಹೇಳಬೇಕೆಂದರೆ, ಈ ನೌಕರಿ ಹೆಚ್ಚು ಬೇಕಾಗಿರುವುದು ನಮ್ಮ ಅಕ್ಕ-ತಂಗಿ, ಸೊಸೆಯಂದಿರಿಗೆ. ಬಿ.ಕಾಂ., ಬಿ.ಎಸ್ಸಿ. ಓದಿ ಮದುವೆಯಾಗಿ ಬಂದವರಿಗೆ ದಿನಾಲೂ ಧಾರವಾಡ, ಬೆಳಗಾವಿಗೆ ಹೋಗಿ ಬರಲು ಆಗುವುದಿಲ್ಲ. ಅವರಿಗೆ ಒಂದು ಕೋಣೆ, ಒಂದು ಟೇಬಲ್, ನಾಲ್ಕು ತಾಸು ಬಿಡುವು ಕೊಡಿ. ಆದರೆ ಕಂಪ್ಯೂಟರ್ ಮುಂದೆ ಕೂತವಳೇ ರೊಟ್ಟಿಯನ್ನೂ ಬಡಿಯಬೇಕು, ದನದ ಸಗಣಿಯನ್ನೂ ಬಳಿಯಬೇಕು ಅಂದರೆ ಅದು ನೌಕರಿಯಲ್ಲ, ಇಮ್ಮಡಿ ದುಡಿತ.

ಮೋಸದ ಬಗ್ಗೆ ಎಚ್ಚರ. "ವಿಡಿಯೋಗೆ ಲೈಕ್ ಒತ್ತಿ ದಿನಕ್ಕೆ ಸಾವಿರ ಗಳಿಸಿ" ಎಂಬ ಮೆಸೇಜ್ ಬಂದರೆ ನಂಬಬೇಡಿ. ಮೊದಲು ನೂರಿನ್ನೂರು ಹಾಕುತ್ತಾರೆ, ಆಮೇಲೆ ನಿಮ್ಮಿಂದಲೇ ಸಾವಿರಾರು ಕಟ್ಟಿಸಿಕೊಳ್ಳುತ್ತಾರೆ. ಕೆಲಸ ಕೊಡುವವರು ಸಂಬಳ ಕೊಡಬೇಕು, ನಿಮ್ಮ ಹತ್ತಿರ ಡಿಪಾಸಿಟ್ ಕೇಳಬಾರದು. ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಒಂದೇ ಬೆಳೆ ನಂಬಿ ಕೆಟ್ಟವರನ್ನು ನಾವು ನೋಡಿದ್ದೇವೆ. ಒಂದೇ ಪಗಾರ ನಂಬುವುದೂ ಹಾಗೆಯೇ. ಮಳೆ ಕೈಕೊಟ್ಟ ವರ್ಷ ಪಗಾರ ಮನೆ ನಡೆಸಲಿ, ಆಫೀಸು ಕೈಕೊಟ್ಟ ವರ್ಷ ಹೊಲ ನಡೆಸಲಿ.